ಮಕ್ಕಳಿಗಾಗಿ ಓಡುವುದಾದರೆ

ಮಕ್ಕಳ ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥವಾಗಿ ಒಂದು ಓಟವನ್ನು ಏರ್ಪಡಿಸಬೇಕೆಂಬ ಸೂಚನೆಯನ್ನು ಹಿಡಿದುಕೊಂಡು ಮುಂಬಯಿಯ ಕೆಲವು ಮಂದಿ ಕನ್ನಡ ತರುಣರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಅವರಲ್ಲಿ ಹೋಟೆಲುಗಳಲ್ಲಿ ದುಡಿಯುವವರೂ ಇದ್ದರು, ಕಚೇರಿಗಳ ಗುಮಾಸ್ತರೂ ಇದ್ದರು. ಪತ್ರಿಕೆಯ ಬೆಂಬಲ ತಮಗೆ ಬೇಕೆಂಬುದು ಅವರ ಕೋರಿಕೆ. ಬೆಂಬಲ ಕೊಡುವುದು ನಮಗೆ ಸಂತೋಷದ ವಿಷಯವೇ. ಆದರೆ ಅದರ ಜೊತೆಗೆ ಕೆಲವು ಷರತ್ತುಗಳನ್ನೂ ಮುಂದಿಡಬೇಕಾಗಿದೆ. ಈ ಷರತ್ತುಗಳು ಆ ತರುಣರಿಗೆ ಮಾತ್ರ ಸಂಬಂಧಿಸಿದವುಗಳಲ್ಲವಾದುದರಿಂದ ಅವನ್ನು ಇಲ್ಲಿ ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ಈ ಸಂಗತಿಯನ್ನು ಕೇಳಿದ ಹಿರಿಯರೊಬ್ಬರು, "ದುಡ್ಡು ಕೊಡುವ ಮನಸ್ಸಿದ್ದರೆ ಕೊಟ್ಟುಬಿಡಿರಿ, ಅದಕ್ಕೆ ಬೀದಿಯಲ್ಲಿ ಓಡುವುದೇಕೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಮ್ಮ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕಾಗಲಿ ಶಾಲೆಯ ಮಾಡಿಗಾಗಲಿ ಯಾರೂ ಓಡಿದವರಿಲ್ಲ. ರಸೀದಿ ಪುಸ್ತಕವನ್ನು ಬಗಲಿಗಿಟ್ಟುಕೊಂಡು ಮನೆಮನೆಯ ಮೆಟ್ಟಿಲು ಹತ್ತಿದವರೇ ಎಲ್ಲರೂ. ಆದರೆ ಇದೇ ಮುಂಬಯಿಯಲ್ಲಿ ನಾವು ಸಹಾಯಾರ್ಥ ಯಕ್ಷಗಾನಗಳನ್ನು ಆಡಿಸಿಲ್ಲವೇ? ಸಹಾಯಾರ್ಥ ನಾಟಕಗಳಿಗೆ ಟಿಕೇಟು ಮಾರಿಲ್ಲವೇ? ವೇಷ ಕಟ್ಟಿ ಕುಣಿದರೆ ದಾನ ಬರುತ್ತದೆಂದಾದ ಮೇಲೆ ಓಡಿದರೆ ಬರಬಾರದೆಂಬ ನಿಯಮವೇನೂ ಇಲ್ಲ. ಕೇಳುವವನು ತಾನೂ ಸ್ವಲ್ಪ ಮೈ ದಣಿಸಿದ್ದಾನೆಂದು ಕಂಡಾಗ ಕೊಡುವವನ ಕೈ ಸಡಿಲವಾಗುತ್ತದೆ; ಮನುಷ್ಯಸ್ವಭಾವ ಹಾಗಿದೆ. ಈ ಸ್ವಭಾವವನ್ನು ಜಗತ್ತಿಗೆಲ್ಲ ತೋರಿಸಿಕೊಟ್ಟವನು ಕೆನಡಾ ದೇಶದ ಒಬ್ಬ ಒಂಟಿಕಾಲಿನ ತರುಣ.

ಟೆರಿ ಫಾಕ್ಸ್ ಎಂಬ ಆತನ ಹೆಸರನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಅವನ ಹೆಸರಿನ ಓಟಗಳು ನಮ್ಮ ಮುಂಬಯಿಯಲ್ಲೂ, ಚೆನ್ನೈಯ ಐ.ಐ.ಟಿ. ಆವರಣದಲ್ಲೂ ನಡೆದಿವೆ. 1958ರಲ್ಲಿ ಹುಟ್ಟಿದ ಆತ ಬಾಸ್ಕೆಟ್‌ಬಾಲ್ ಆಟದ ಹುಚ್ಚಿನವನು. 1977ರಲ್ಲಿ, ಹದಿನೆಂಟು ವರ್ಷ ವಯಸ್ಸಿನಲ್ಲಿ, ಬಲಮೊಣಕಾಲಿನ ನೋವು ತಡೆಯಲಾರದೆ ವೈದ್ಯರ ಬಳಿಗೆ ಹೋದಾಗ ಅದು ಮೂಳೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮೈ ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರನ್ನೇ ಹೆಚ್ಚಾಗಿ ಹಿಡಿಯುವ ಜಾತಿಯದು. ಮೊಣಕಾಲಿನ ಮೇಲಿನವರೆಗೆ ಕಾಲನ್ನು ಕತ್ತರಿಸಿ ತೆಗೆದರು. ಬದುಕುವ ಸಂಭವ ನೂರಕ್ಕೆ ಐವತ್ತು ಎಂದು ಅವನಿಗೆ ತಿಳಿಸಲಾಯಿತು. ಇದೇ ರೋಗ ಎರಡು ವರ್ಷ ಮೊದಲು ಬಂದಿದ್ದರೆ ನೂರಕ್ಕೆ ಹದಿನೈದು ಮಾತ್ರವಿತ್ತೆಂಬುದನ್ನೂ ಆತ ಆಸ್ಪತ್ರೆಯಲ್ಲೇ ಅರಿತುಕೊಂಡ.

ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದನ್ನು ಕೊಟ್ಟವರು ಯಾರು? ಯಾವುದೋ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆಗಳ ಮುಂದೆ ಕುಳಿತವರು, ಯಾವುದೋ ಆಸ್ಪತ್ರೆಯಲ್ಲಿ ಒಂದು ಔಷಧದ ಪ್ರಮಾಣವನ್ನು ಹೆಚ್ಚಿಸಿ, ಇಳಿಸಿ, ಮತ್ತೆ ಹೆಚ್ಚಿಸಿ ದಾಖಲೆಯಿಟ್ಟವರು. ಅವರ ಮುಖವನ್ನು ರೋಗಿ ಎಂದೂ ನೋಡುವುದಿಲ್ಲ. ತನ್ನ ಸುತ್ತಲಿನ ಹಾಸಿಗೆಗಳಲ್ಲಿ ನರಳುತ್ತಿದ್ದ ಚಿಕ್ಕ ಮಕ್ಕಳನ್ನು ನೋಡಿದ್ದ ಟೆರಿ, ಈ ಕಾಣದವರ ಕೆಲಸಕ್ಕೆ ಹಣ ಕೂಡಿಸಬೇಕೆಂದು ನಿಶ್ಚಯಿಸಿದ.

1980ನೆಯ ಇಸವಿ ಏಪ್ರಿಲ್ 12ರಂದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್ ಪಟ್ಟಣದಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದ ನೀರಿನಲ್ಲಿ ಅದ್ದಿ, ಪಶ್ಚಿಮದ ಶಾಂತಸಾಗರವನ್ನು ಮುಟ್ಟುವೆನೆಂದು ಹೊರಟ. ದಿನಕ್ಕೆ ಸುಮಾರು 42 ಕಿಲೋಮೀಟರ್ ಓಟ. ಚರ್ಚ್‌ಗೇಟಿನಲ್ಲಿ ಹೊರಟು ಬೊರಿವಲಿಯನ್ನೂ ದಾಟಿ ಹೋಗುವಷ್ಟು ದೂರ, ಒಂದು ದಿನವಲ್ಲ, ಪ್ರತಿದಿನ. ಕೃತಕ ಕಾಲು ಉಜ್ಜಿ ಉಜ್ಜಿ ಉಳಿದ ತೊಡೆಯ ತುದಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಮೊದಮೊದಲು ಅವನನ್ನು ನೋಡುವವರೇ ಕಡಿಮೆ. ಹಿಂದೆ ಒಂದು ವ್ಯಾನಿನಲ್ಲಿ ಬರುತ್ತಿದ್ದ ಗೆಳೆಯನೊಬ್ಬನೇ ಸಂಗಾತಿ. ಪೋರ್ಟ್ ಓ ಬಾಸ್ಕ್ ಎಂಬ, ಹತ್ತು ಸಾವಿರ ಜನವಸತಿಯ ಊರಿನವರು ಹತ್ತು ಸಾವಿರ ಡಾಲರಿಗೂ ಮಿಕ್ಕಿ ಕೂಡಿಸಿ ಕೊಟ್ಟರು. ತಲೆಗೆ ಒಂದು ಡಾಲರಿನ ಲೆಕ್ಕವಾಯಿತು. ದೇಶದ ಪ್ರತಿಯೊಬ್ಬ ಪ್ರಜೆಯಿಂದಲೂ ಒಂದೊಂದು ಡಾಲರ್ ಎಂಬುದು ಕಡೆಗೆ ಅವನ ಗುರಿಯೇ ಆಯಿತು.

ಇಲ್ಲಿ ನಮ್ಮ ಕಸುಬಿನವರು ಗಮನಿಸಬೇಕಾದ ಒಬ್ಬ ಮನುಷ್ಯ ಬರುತ್ತಾರೆ. ಇಸಡೋರ್ ಶಾರ್ಪ್ ಎಂಬವರು ಹೋಟೆಲಿನವರು. ಪೋಲೆಂಡಿನಿಂದ ವಲಸೆ ಬಂದ ಯೆಹೂದಿ ಕುಟುಂಬದ ಮಗ. ತಂದೆ ಗೋಡೆಗೆ ಗಾರೆ ಮಾಡುವ ಕಸುಬಿನವರು. 1961ರಲ್ಲಿ ಟೊರಾಂಟೊ ನಗರದಲ್ಲಿ ಶಾರ್ಪರು ತೆರೆದ ಮೊದಲ ಹೋಟೆಲೇ ಮುಂದೆ ಫೋರ್ ಸೀಸನ್ಸ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಹಬ್ಬಿತು. ಈ ಶಾರ್ಪರ ಹರೆಯದ ಮಗನೊಬ್ಬ 1978ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಟೆರಿಯ ಸುದ್ದಿ ಕಿವಿಗೆ ಬಿದ್ದಾಗ ಅವರು ಮೊದಲು ಮಾಡಿದ್ದು ಹೋಟೆಲಿನವನು ಮಾಡಬಹುದಾದ ಕೆಲಸವನ್ನೇ: ದಾರಿಯಲ್ಲಿ ತಮ್ಮ ಹೋಟೆಲು ಇರುವ ಕಡೆ ಹುಡುಗನಿಗೂ ಸಂಗಡಿಗರಿಗೂ ಊಟ ಮತ್ತು ವಸತಿ. ಆಮೇಲೆ ಅವನು ಓಡುವ ಪ್ರತಿ ಮೈಲಿಗೆ ಎರಡು ಡಾಲರ್ ಕೊಡುವೆನೆಂದು ಘೋಷಿಸಿ, ನೀವೂ ಹೀಗೆಯೇ ಕೊಡಿರೆಂದು ಇನ್ನೂ 999 ಕಂಪೆನಿಗಳನ್ನು ಕರೆದರು.

1980ರ ಸೆಪ್ಟೆಂಬರ್ 1ರಂದು, 143ನೆಯ ದಿನ, 5,373 ಕಿಲೋಮೀಟರ್ ಕ್ರಮಿಸಿದ ಮೇಲೆ ಥಂಡರ್ ಬೇ ಎಂಬ ಪಟ್ಟಣದ ಹತ್ತಿರ ಟೆರಿ ನಿಂತ. ರೋಗ ಶ್ವಾಸಕೋಶಕ್ಕೆ ಏರಿತ್ತು. ಅಷ್ಟರವರೆಗೆ ಕೂಡಿದ್ದ ಹಣ 17 ಲಕ್ಷ ಡಾಲರ್. ಶಾಂತಸಾಗರ ಇನ್ನೂ ಬಹಳ ದೂರವಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹುಡುಗನಿಗೆ ಶಾರ್ಪರು ತಂತಿ ಕಳುಹಿಸಿದರು. ನಿನ್ನ ಹೆಸರಿನಲ್ಲಿ ಪ್ರತಿವರ್ಷವೂ ಓಟ ನಡೆಸಿ ಹಣ ಕೂಡಿಸುತ್ತೇವೆಂಬುದು ಅದರ ತಾತ್ಪರ್ಯ. 1981ರ ಫೆಬ್ರವರಿಯ ಹೊತ್ತಿಗೆ ಒಟ್ಟು ಮೊತ್ತ 2 ಕೋಟಿ 41 ಲಕ್ಷ ಡಾಲರನ್ನು ದಾಟಿತು. ಕೆನಡಾದ ಜನಸಂಖ್ಯೆಯೂ ಆಗ ಹೆಚ್ಚುಕಡಿಮೆ ಅಷ್ಟೇ. ಆ ವರ್ಷ ಜೂನ್ 28ರಂದು, ಇಪ್ಪತ್ತಮೂರು ತುಂಬುವ ಮೊದಲೇ, ಟೆರಿ ತೀರಿಕೊಂಡ. ಸೆಪ್ಟೆಂಬರಿನಲ್ಲಿ ನಡೆದ ಮೊದಲನೆಯ ಟೆರಿ ಫಾಕ್ಸ್ ಓಟದಲ್ಲಿ ಮೂರು ಲಕ್ಷ ಜನ ಸೇರಿ 35 ಲಕ್ಷ ಡಾಲರ್ ಕೂಡಿಸಿದರು. ಅಂದಿನಿಂದ ಇಂದಿನವರೆಗೆ ಈ ಹೆಸರಿನಲ್ಲಿ ಸಂಗ್ರಹವಾದ ಹಣ 85 ಕೋಟಿ ಡಾಲರಿಗೂ ಮಿಕ್ಕಿದೆ.

ಈ ಓಟದ ನಿಯಮಗಳು ನಮಗೆ ಮುಖ್ಯ. ಗೆದ್ದವರೆಂಬವರು ಇಲ್ಲಿ ಇಲ್ಲ, ಬಹುಮಾನವಿಲ್ಲ, ಗಡಿಯಾರ ಹಿಡಿದು ನಿಲ್ಲುವವರಿಲ್ಲ. ಓಡಲಾರದವರು ನಡೆಯಬಹುದು, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡೂ ಬರಬಹುದು. ಟೆರಿಗೆ ಬೂಟು ಕೊಟ್ಟವರಿದ್ದರು, ವ್ಯಾನು ಕೊಟ್ಟವರಿದ್ದರು. ಆದರೆ ನಮ್ಮ ಸರಕನ್ನು ನೀನು ಹೊಗಳಬೇಕು ಎಂದ ಕಂಪೆನಿಗಳನ್ನು ಆತ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ. ತನ್ನ ಓಟದಿಂದ ಯಾರೂ ಲಾಭ ಮಾಡಿಕೊಳ್ಳಕೂಡದೆಂಬುದು ಅವನ ಹಟವಾಗಿತ್ತು.

ಇನ್ನು ಸಂಶೋಧನೆಯ ವಿಚಾರ. ಪರೇಲಿನ ಸುತ್ತಮುತ್ತಲಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಮಕ್ಕಳ ಕ್ಯಾನ್ಸರ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡ, ತಲೆಗೂದಲು ಉದುರಿದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಆಸ್ಪತ್ರೆಯ ಕಡತ ಹಿಡಿದು, ಒಂದು ಫ್ಲಾಸ್ಕು ಬಿಸಿನೀರಿಗಾಗಿ ಗಲ್ಲೆಯ ಮುಂದೆ ಸಂಕೋಚದಿಂದ ನಿಲ್ಲುವ ತಂದೆಯರನ್ನು ಅವರು ದಿನನಿತ್ಯ ನೋಡುತ್ತಾರೆ. ಅವರಲ್ಲಿ ಬಿಹಾರದವರು, ಬಂಗಾಲದವರು ಇರುವಂತೆ ನಮ್ಮ ಕಡೆಯವರೂ ಇದ್ದಾರೆ. ಆಸ್ಪತ್ರೆಯ ಹೊರಗಿನ ಕಾಲುದಾರಿಯಲ್ಲೇ ಮಲಗಿ ದಿನ ಕಳೆಯುವವರೂ ಉಂಟು. ಇವರಿಗೆ ನೀರು, ಗಂಜಿ, ಎರಡು ಇಡ್ಲಿ ಕೊಟ್ಟು ದುಡ್ಡು ಬೇಡವೆಂದ ಮಾಣಿಗಳನ್ನೂ ಮಾಲೀಕರನ್ನೂ ನಾವು ಬಲ್ಲೆವು. ಹಾಗಿರುವಾಗ, ಕಣ್ಣೆದುರಿನ ಹಸಿವನ್ನು ಬಿಟ್ಟು ಕಾಣದ ಸಂಶೋಧನೆಗೆ ಏಕೆ ಕೊಡಬೇಕೆಂಬ ಪ್ರಶ್ನೆ ಏಳುವುದು ಸಹಜ.

ಇದಕ್ಕೆ ಉತ್ತರವಾಗಿ ಒಂದು ಹಳೆಯ ಸಂಗತಿಯನ್ನು ಹೇಳಬೇಕು. 1948ಕ್ಕೆ ಮೊದಲು ರಕ್ತದ ಕ್ಯಾನ್ಸರ್ ಹಿಡಿದ ಮಗುವಿಗೆ ಕೊಡಲು ವೈದ್ಯರ ಬಳಿ ಸಾಂತ್ವನದ ಹೊರತು ಹೆಚ್ಚೇನೂ ಇರಲಿಲ್ಲ. ಆ ವರ್ಷ ಅಮೇರಿಕದ ಬಾಸ್ಟನ್ ನಗರದಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಹದಿನಾರು ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು, ಹತ್ತು ಮಕ್ಕಳಲ್ಲಿ ರೋಗ ಇಳಿದುದನ್ನು ಪ್ರಕಟಿಸಿದರು. ಇಳಿದ ರೋಗ ಕೆಲವು ತಿಂಗಳಲ್ಲಿ ಮರಳಿ ಬಂತು, ನಿಜ. ಆದರೆ ಔಷಧದಿಂದ ಇದನ್ನು ಇಳಿಸಬಹುದೆಂದು ಅಂದು ಗೊತ್ತಾಯಿತು. ಆ ಔಷಧ ಸಿದ್ಧವಾದದ್ದು ಯಲ್ಲಾಪ್ರಗಡ ಸುಬ್ಬರಾಯರು ಮುಖ್ಯಸ್ಥರಾಗಿದ್ದ ಪ್ರಯೋಗಶಾಲೆಯಲ್ಲಿ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಅಮೇರಿಕಕ್ಕೆ ಹೋದ ಈ ಮಹನೀಯರು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು, ಹಗಲು ವಿದ್ಯೆ ಸಂಪಾದಿಸಿದವರು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರಿಗೆ ಇವರ ನೆನಪು ಹತ್ತಿರದ್ದೆನಿಸಬೇಕು. ಇದೇ ಕುಟುಂಬದ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನೇ 1970ರ ದಶಕದಲ್ಲಿ ಭಾರೀ ಪ್ರಮಾಣದಲ್ಲಿ ಕೊಟ್ಟು ಮೂಳೆಯ ಕ್ಯಾನ್ಸರನ್ನು ಎದುರಿಸುವುದನ್ನು ವೈದ್ಯರು ಕಲಿತರು.

ಫಾರ್ಬರರ ಕೆಲಸಕ್ಕೆ ಹಣ ಬಂದದ್ದಾದರೂ ಹೇಗೆ? 1948ರ ಮೇ ತಿಂಗಳಲ್ಲಿ ರೇಡಿಯೋದವರು ಜಿಮ್ಮಿ ಎಂಬ ಹುಸಿ ಹೆಸರಿನ ಹನ್ನೆರಡು ವರ್ಷದ ಒಬ್ಬ ರೋಗಿಯ ಹಾಸಿಗೆಯ ಬಳಿ ಧ್ವನಿಗ್ರಾಹಕವನ್ನಿಟ್ಟು ಮಾತನಾಡಿಸಿದರು. ಹುಡುಗನಿಗೆ ಬೇಸ್‌ಬಾಲ್ ಆಟ ನೋಡಲು ಒಂದು ಟೆಲಿವಿಷನ್ ಬೇಕಾಗಿತ್ತು. ಕೇಳಿದವರು ಕಳುಹಿಸಿದ ಹಣ ಎರಡು ಲಕ್ಷ ಮೂವತ್ತು ಸಾವಿರ ಡಾಲರಿಗೂ ಹೆಚ್ಚು. ಆ ಹುಡುಗ ಬದುಕಿ, ಮುದುಕನಾಗಿ, 2001ರಲ್ಲಿ ತೀರಿಕೊಂಡ. ಅವನ ಹೆಸರಿನ ನಿಧಿ ಇಂದಿಗೂ ನಡೆಯುತ್ತಿದೆ.

ಇಷ್ಟು ಹೇಳಿದ ಮೇಲೂ ಒಂದು ಕಠಿಣವಾದ ಆಕ್ಷೇಪ ಉಳಿಯುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು ನಾಲ್ಕು ಲಕ್ಷ ಮಕ್ಕಳು ಮತ್ತು ಹರೆಯದವರು ಕ್ಯಾನ್ಸರಿಗೆ ಗುರಿಯಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಇವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಎಷ್ಟೋ ಕಡೆ ನೂರಕ್ಕೆ ಮೂವತ್ತೂ ಇಲ್ಲ. ಔಷಧವೇನೋ ಕಂಡುಹಿಡಿದಾಗಿದೆ, ತಲುಪಿಲ್ಲ ಅಷ್ಟೇ. ಆದುದರಿಂದ ಹಣ ಬೇಕಾದದ್ದು ಚಿಕಿತ್ಸೆಗೆ, ಸಂಶೋಧನೆಗಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತು ಅರ್ಧ ಮಾತ್ರ ನಿಜ. ಬಾಸ್ಟನ್ನಿನಲ್ಲಿ ಹಾಲು ಮೊಟ್ಟೆ ತಿಂದು ಬೆಳೆದ ಮಗು ತಡೆದುಕೊಳ್ಳುವ ಔಷಧದ ಪ್ರಮಾಣವನ್ನು ರಾಯಚೂರಿನ ಬಡಕಲು ಮಗು ತಡೆದುಕೊಂಡೀತೇ? ಔಷಧದಿಂದ ರಕ್ತದ ಬಲ ಕುಗ್ಗಿದಾಗ ತಗಲುವ ಸೋಂಕುಗಳು ಇಲ್ಲಿ ಬೇರೆ, ಅಲ್ಲಿ ಬೇರೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹಿಂತಿರುಗುವ ಕುಟುಂಬಗಳು ಹಣವಿಲ್ಲದೆ ಹೋಗುತ್ತವೆಯೇ, ಉಳಿಯಲು ಕೋಣೆಯಿಲ್ಲದೆ ಹೋಗುತ್ತವೆಯೇ, ಊರಿನಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಚಿಂತೆಯಿಂದ ಹೋಗುತ್ತವೆಯೇ? ಇವನ್ನು ಕಂಡುಹಿಡಿಯುವುದೂ ಸಂಶೋಧನೆಯೇ. ನಮ್ಮ ಮಕ್ಕಳ ವಿಷಯವಾದ ಈ ಪ್ರಶ್ನೆಗಳನ್ನು ಹೊರಗಿನವರು ಬಂದು ಕೇಳುವುದಿಲ್ಲ.

ಲಾಭ ಬರುವಲ್ಲಿ ಮಾತ್ರ ಕಂಪೆನಿಗಳು ಹಣ ಹಾಕುತ್ತವೆ; ವ್ಯಾಪಾರವೆಂದರೆ ಅದೇ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2023ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹಲ್ಲು ಕೀಳುವಾಗ ಚುಚ್ಚುವ ಲಿಗ್ನೊಕೇನ್ ಎಂಬ ಅಗ್ಗದ ಔಷಧವನ್ನು ಸ್ತನದ ಗಡ್ಡೆಯ ಸುತ್ತ ಶಸ್ತ್ರಕ್ರಿಯೆಗೆ ಸ್ವಲ್ಪ ಮುಂಚೆ ಕೊಟ್ಟಾಗ, ಐದು ವರ್ಷಗಳ ನಂತರ ಬದುಕಿರುವವರ ಪ್ರಮಾಣ ನೂರಕ್ಕೆ 86ರಿಂದ 90ಕ್ಕೆ ಏರಿತ್ತು. ಇದು ದೊಡ್ಡವರ ರೋಗ, ಮಕ್ಕಳದ್ದಲ್ಲ. ಆದರೂ ಹೇಳಲು ಕಾರಣವಿದೆ. ಇಷ್ಟು ಅಗ್ಗದ ಮದ್ದನ್ನು ಪರೀಕ್ಷಿಸಲು ಯಾವ ಕಂಪೆನಿ ತಾನೇ ಕೋಟಿ ಸುರಿಯುತ್ತದೆ? ಐ.ಐ.ಟಿ. ಮುಂಬಯಿ ಮತ್ತು ಟಾಟಾ ಆಸ್ಪತ್ರೆ ಕೂಡಿ, ರೋಗಿಯ ರಕ್ತಕಣಗಳನ್ನೇ ಮಾರ್ಪಡಿಸಿ ರೋಗದ ಮೇಲೆ ಬಿಡುವ ಚಿಕಿತ್ಸೆಯೊಂದನ್ನು ಸಿದ್ಧಪಡಿಸಿದವು. 2023ರಲ್ಲಿ ಅದಕ್ಕೆ ಸರಕಾರದ ಅನುಮತಿ ದೊರೆಯಿತು. ವಿದೇಶದ ಬೆಲೆಯ ಎದುರು ಅದರ ಬೆಲೆ ಹತ್ತರಲ್ಲಿ ಒಂದು ಪಾಲು ಎನ್ನುತ್ತಾರೆ. ಆದರೂ ಲಕ್ಷಗಳ ಮಾತು, ಇನ್ನೂ ಇಳಿಯಬೇಕಾಗಿದೆ. ಇಂಥ ಕೆಲಸಕ್ಕೆ ನಮ್ಮ ಓಟದ ಹಣ ಸಮುದ್ರಕ್ಕೆ ಸುರಿದ ಒಂದು ಚೊಂಬು ನೀರಾಗಬಹುದು. ಟೆರಿ ಕೇಳಿದ್ದೂ ಒಂದೊಂದೇ ಡಾಲರನ್ನು.

ಈಗ ಷರತ್ತುಗಳಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಸಹಾಯಾರ್ಥ ಕಾರ್ಯಕ್ರಮದ ಜಮಾಖರ್ಚನ್ನು ನೋಡುವ ಪ್ರಸಂಗ ನಮಗೆ ಒದಗಿತ್ತು. ನಡೆಸಿದವರ ಹೆಸರು ಬೇಡ. ಸಭಾಗೃಹದ ಬಾಡಿಗೆ, ಧ್ವನಿವರ್ಧಕ, ಶಾಲು ಹಾರ ಫಲತಾಂಬೂಲ, ಅತಿಥಿಗಳ ವಾಹನದ ಖರ್ಚು, ಆಮಂತ್ರಣ ಪತ್ರಿಕೆಯ ಮುದ್ರಣ, ಕಡೆಗೆ ಕಾರ್ಯಕರ್ತರ ಭೋಜನ. ಎಲ್ಲ ಕಳೆದು, ಯಾವ ಬಡ ವಿದ್ಯಾರ್ಥಿಗಳ ಹೆಸರಿನಲ್ಲಿ ಕೂಡಿಸಿದ್ದರೋ ಅವರಿಗೆ ದಕ್ಕಿದ್ದು ರೂಪಾಯಿಗೆ ಹತ್ತೊಂಬತ್ತು ಪೈಸೆ. ಕಳ್ಳತನ ನಡೆದಿತ್ತೆಂದು ಹೇಳುವಂತಿಲ್ಲ, ಪ್ರತಿಯೊಂದಕ್ಕೂ ಚೀಟಿಯಿತ್ತು. ಹೋಟೆಲು ನಡೆಸಿದವನಿಗೆ ಈ ರೋಗ ಗೊತ್ತು: ಗಲ್ಲೆ ದಿನವೂ ತುಂಬುತ್ತದೆ, ತಿಂಗಳ ಕೊನೆಗೆ ಉಳಿಕೆ ಮಾತ್ರ ಸೊನ್ನೆ. ಓಟಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಚ್ಚು ಹಾಕಿಸಿದ ಟೀ ಶರ್ಟು, ಪದಕ, ಕಮಾನು, ಬಲೂನು ಎಂದು ಹಣ ಕರಗುವ ದಾರಿಗಳು ನೂರಾರು. ಆದುದರಿಂದ ಓಡುವವರು ತಮ್ಮ ತಮ್ಮ ಹಳೆಯ ಅಂಗಿಯಲ್ಲೇ ಬರಲಿ. ಮುಖ್ಯ ಅತಿಥಿಗಳು ಬೇಡ. ಬರಲೇಬೇಕೆನ್ನುವವರು ಓಡಲು ಬರಲಿ.

ಪೊಲೀಸರ ಮತ್ತು ನಗರಪಾಲಿಕೆಯ ಅಪ್ಪಣೆ, ಒಂದು ಆಂಬುಲೆನ್ಸು, ಕುಡಿಯುವ ನೀರು, ಇವು ತಪ್ಪದ ಖರ್ಚುಗಳು. ಇವಿಷ್ಟನ್ನೂ ಹೋಟೆಲು ಮಾಲೀಕರು ಮೊದಲೇ ಹೊತ್ತುಕೊಳ್ಳಲಿ. ನೌಕರನೂ ಗುಮಾಸ್ತನೂ ಕೊಟ್ಟ ಹಣದಿಂದ ಒಂದು ಕಾಸೂ ಇದಕ್ಕೆ ಹೋಗಕೂಡದು. ನೌಕರರ ಸಂಬಳದಿಂದ ಮುರಿದುಕೊಂಡು, ಅದನ್ನು ತಮ್ಮ ಹೆಸರಿನಲ್ಲಿ ದಾನಮಾಡಿ ಭಾವಚಿತ್ರ ತೆಗೆಸಿಕೊಳ್ಳುವ ಮಾಲೀಕರು ನಮ್ಮಲ್ಲಿ ಇಲ್ಲವೆಂದೇ ನಂಬೋಣ. ಇದ್ದರೆ, ಆ ಭಾವಚಿತ್ರ ಈ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ. ಕೊಡುವವನು ಒಂದು ದಿನದ ಟಿಪ್ಸನ್ನು ಕೊಡಲಿ, ಅರ್ಧ ದಿನದ್ದನ್ನು ಕೊಡಲಿ, ಕೊಡದೆಯೂ ಇರಲಿ. ಊರಿಗೆ ಹಣ ಕಳುಹಿಸಬೇಕಾದವನ ಕೈಯಲ್ಲಿ ಎಷ್ಟು ಉಳಿಯುತ್ತದೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ತೊಡಕನ್ನು ಆ ತರುಣರು ಯೋಚಿಸಿದಂತೆ ಕಾಣಲಿಲ್ಲ. 2004ರಿಂದ ನಡೆಯುತ್ತಿರುವ ಮುಂಬಯಿಯ ಮಹಾ ಓಟವೂ ಸೇರಿದಂತೆ ಇಂಥ ಓಟಗಳು ಸಾಮಾನ್ಯವಾಗಿ ಆದಿತ್ಯವಾರದ ಬೆಳಿಗ್ಗೆ ನಡೆಯುತ್ತವೆ. ಕಚೇರಿಯ ಗುಮಾಸ್ತರಿಗೆ ಅದು ರಜೆ. ಹೋಟೆಲಿನವರಿಗೋ? ವಾರದಲ್ಲೇ ಅತಿ ಹೆಚ್ಚು ಗಿರಾಕಿ ಬರುವ ಹೊತ್ತು ಅದು. ನಸುಕಿನಲ್ಲಿ ಇಡ್ಲಿಯ ಪಾತ್ರೆ ಒಲೆಗೇರಿಸುವ ಭಟ್ಟರು, ಮಸಾಲೆ ದೋಸೆಗೆ ಸಾಲು ನಿಂತವರನ್ನು ನಿಭಾಯಿಸುವ ಮಾಣಿಗಳು, ಲೋಟ ಬಟ್ಟಲಿನ ರಾಶಿಯ ಮುಂದೆ ನಿಂತ ಹುಡುಗರು, ಇವರು ಓಡುವುದು ಯಾವಾಗ? ಇವರನ್ನು ಬಿಟ್ಟು ಓಟ ನಡೆದರೆ ಅದು ಗುಮಾಸ್ತರ ಓಟವಾಗುತ್ತದೆ, ಹೋಟೆಲಿನವರದು ವಂತಿಗೆ ಮಾತ್ರವಾಗುತ್ತದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವಿನಲ್ಲಿ ಓಡಿರೆಂದರೆ ಬಿಸಿಲು ಬಿಡದು. ಅಲ್ಲದೆ ಆ ಎರಡು ಗಂಟೆಯ ನಿದ್ರೆಯ ಮೇಲೇ ಅವರ ಉಳಿದ ದಿನ ನಿಂತಿದೆ. ನಮ್ಮ ಸೂಚನೆ ಇಷ್ಟು: ಓಟ ಬೆಳಿಗ್ಗೆ ಐದೂವರೆಗೆ ಆರಂಭವಾಗಿ ಏಳಕ್ಕೆ ಮುಗಿಯಲಿ, ಮತ್ತು ಆ ಒಂದು ದಿನ ಮಾಲೀಕರು ತಮ್ಮ ಮಕ್ಕಳು ಅಳಿಯಂದಿರೊಡನೆ ಬಂದು ಟೇಬಲಿಗೆ ನೀರಿಡಲಿ, ತಟ್ಟೆ ಎತ್ತಲಿ. ಬಹುಪಾಲು ಮಾಲೀಕರು ಈ ಕೆಲಸದಿಂದಲೇ ಮೇಲೆ ಬಂದವರು, ಕೈ ಮರೆತಿರಲಾರದು. ಹನ್ನೆರಡು ಗಂಟೆ ನಿಂತು ನಿಂತು ಕಾಲಿನ ನರ ಉಬ್ಬಿದವರು ಓಡುವುದು ಬೇಡ, ನಡೆದರೆ ಸಾಕು. ಅದೂ ಕಷ್ಟವಾದರೆ ನೀರು ಹಂಚಲಿ.

ಹಣ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಬರುವುದು ಖಂಡಿತ. ಊರಿನ ಅಭಿಮಾನದಿಂದ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅರ್ಧ ಕೊಡೋಣವೆಂದು ಒಬ್ಬ ತರುಣ ಅಂದೇ ಹೇಳಿದ. ಆ ಸಂಸ್ಥೆಯ ಮೇಲೆ ನಮಗೂ ಗೌರವವಿದೆ. ಆದರೆ ಚಿಕ್ಕ ಮೊತ್ತವನ್ನು ಹರಿದು ಹಂಚಿದರೆ ಎರಡು ಕಡೆಯೂ ಕೆಲಸವಾಗುವುದಿಲ್ಲ. ಮೊದಲ ವರ್ಷದ ಹಣ 1941ರಿಂದ ನಮ್ಮ ನೆರೆಯಲ್ಲಿರುವ ಟಾಟಾ ಸ್ಮಾರಕಕ್ಕೇ ಹೋಗಲಿ. ಮಕ್ಕಳ ಕ್ಯಾನ್ಸರಿನ ಸಂಶೋಧನೆಗೆಂದೇ ಈ ಹಣ ಎಂದು ಕಾಗದದಲ್ಲಿ ಬರೆದು ಕೊಟ್ಟು ರಸೀದಿ ಪಡೆಯಲಿ. ಮುಂದಿನ ವರ್ಷ ಓಟ ಮತ್ತೆ ನಡೆಯುವಂತಾದರೆ ಬೆಂಗಳೂರಿನ ಮಾತನ್ನು ಆಗ ಆಡಬಹುದು. ಪರೇಲಿನ ಕಾಲುದಾರಿಯ ಇಡ್ಲಿ ಬಿಸಿನೀರುಗಳನ್ನು ಮಾತ್ರ ಈ ಲೆಕ್ಕದಲ್ಲಿ ತರುವುದು ಬೇಡ. ಅದು ಓಟವಿಲ್ಲದೆಯೂ ಈವರೆಗೆ ನಡೆದುಕೊಂಡು ಬಂದಿದೆ, ಹಾಗೆಯೇ ನಡೆಯಲಿ.

ಕಡೆಯ ಷರತ್ತು. ಓಟ ಮುಗಿದ ಮೂವತ್ತು ದಿನಗಳೊಳಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಆಸ್ಪತ್ರೆಗೆ ಮುಟ್ಟಿದ್ದೆಷ್ಟು ಎಂಬ ಪಟ್ಟಿ, ಆಸ್ಪತ್ರೆಯ ರಸೀದಿಯ ಪ್ರತಿಯೊಡನೆ, ಇದೇ ಪುಟದಲ್ಲಿ ಅಚ್ಚಾಗಬೇಕು. ಐದು ರೂಪಾಯಿ ಕೊಟ್ಟವನ ಹೆಸರೂ ಐದು ಸಾವಿರ ಕೊಟ್ಟವನ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿರುತ್ತವೆ. ಅದ��್ಕೆ ಬೇಕಾದ ಜಾಗವನ್ನು ನಾವು ಬಿಟ್ಟುಕೊಡುತ್ತೇವೆ, ಜಾಹೀರಾತಿನ ದರ ಕೇಳುವುದಿಲ್ಲ. ಇದಕ್ಕೆ ಒಪ್ಪಿಗೆಯಿದ್ದರೆ ಆ ತರುಣರು ಬರುವ ವಾರ ಮತ್ತೆ ಕಾರ್ಯಾಲಯಕ್ಕೆ ಬರಲಿ. ಮಧ್ಯಾಹ್ನ ಮೂರರ ನಂತರ ನಾವು ಇರುತ್ತೇವೆ.